ಬಡ್ತಿ ಬೇಡವೆಂದು ಬರೆದುಕೊಟ್ಟವರು

ಎಂಬತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಸರ್ಕಾರದ ಕೈ ಬಿಗಿಯಾಗಿ ಹೊಸ ನೇಮಕ ನಿಂತಿತ್ತು, ಬಡ್ತಿಯಂತೂ ಅಪರೂಪ. ಊಟದ ಹೊತ್ತಿನಲ್ಲಿ ನಮಗೆಲ್ಲ ಅದೇ ಗೊಣಗಾಟ.

ಒಂದು ದಿನ ಜವಾನ ಚೆನ್ನಪ್ಪನವರ ಪಿಂಚಣಿ ಕಾಗದಕ್ಕೆಂದು ಅವರ ಸೇವಾ ಪುಸ್ತಕ ತೆಗೆದೆ. ಕೆಲಸದಲ್ಲಿದ್ದುಕೊಂಡೇ ಎಸ್ಸೆಸ್ಸೆಲ್ಸಿ ಪಾಸು ಮಾಡಿದವರು ಕೊನೆತನಕ ಜವಾನರಾಗಿಯೇ ಉಳಿದಿದ್ದರು. ಏನೋ ಶಿಕ್ಷೆ ಆಗಿರಬೇಕು ಅಂದುಕೊಂಡು, "ನಿಮ್ಮ ಮೇಲೆ ಏನಾದ್ರೂ ಕೇಸಿತ್ತಾ?" ಅಂತ ಮೆಲ್ಲಗೆ ಕೇಳಿದೆ.

"ಅಯ್ಯೋ, ಇಲ್ಲ ಸಾರ್. ಹೋದ್ವರ್ಷ ಒಂದೇ ಒಂದು ಗುಮಾಸ್ತರ ಹುದ್ದೆ ಬಂತು. ಸರದಿ ನಂದೇ. ನನ್ನ ಹಿಂದೆ ಸರೋಜಮ್ಮ ಇದ್ರು, ಆಗ ಅವರೂ ಜವಾನರೇ. ಅವರ ಯಜಮಾನ್ರು ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿತ್ತು, ಮೂರು ಮಕ್ಕಳು. ನಂಗೆ ಬೇಡ ಅಂತ ಬರೆದುಕೊಟ್ಟೆ."

"ಪಿಂಚಣಿ ಕಮ್ಮಿ ಆಗುತ್ತಲ್ರೀ!"

"ಗೊತ್ತಿತ್ತು ಸಾರ್. ಅವರಿಗೆ ಹೇಳ್ಬೇಡಿ, ನೊಂದ್ಕೋತಾರೆ."

ಪುಟ ತಿರುಗಿಸಿದರೆ ಆ ಪತ್ರ ಅಲ್ಲೇ ಇತ್ತು. ದುಂಡನೆಯ ಅಕ್ಷರದಲ್ಲಿ 'ಸ್ವಂತ ಕಾರಣಗಳಿಂದ' ಅಂತಷ್ಟೇ ಬರೆದಿದ್ದರು. ಪುಸ್ತಕ ಮುಚ್ಚಿ ತಲೆ ಎತ್ತಿದೆ. ಆಚೆ ಗುಮಾಸ್ತರ ಮೇಜಿನಲ್ಲಿ ಸರೋಜಮ್ಮ ಏನೂ ತಿಳಿಯದೆ ಟಪಾಲು ವಿಂಗಡಿಸುತ್ತಿದ್ದರು.

ಅವತ್ತು ಸಂಜೆ ನೌಕರರ ಸಭೆಯಲ್ಲಿ, ನನಗೆ ಬಡ್ತಿ ಸಿಗದ ಅನ್ಯಾಯದ ಬಗ್ಗೆ ನಾನು ಭಾಷಣ ಮಾಡಬೇಕಿತ್ತು. ಎದ್ದು ನಿಂತೆ, ಕೆಮ್ಮಿದೆ, "ಎಲ್ಲರಿಗೂ ಕಾಫಿ ಬಂತಾ?" ಅಂತ ಕೇಳಿ ಕೂತುಬಿಟ್ಟೆ.