ಖಜಾಂಚಿಯ ಬಹುಮಾನಗಳು

ನಮ್ಮ ಸೋದರ ಸಂಘದ ಖಜಾಂಚಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಂಘದ ಸೂರು ಸೋರುತ್ತಿದೆ ಅಂತ ಈ ಮನುಷ್ಯ ವಾರಕ್ಕೊಂದು ಲಾಟರಿ ನಡೆಸುತ್ತಾನೆ. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಸೋಪು ಹಚ್ಚಿಸಿಕೊಂಡು ಕೂತವನ ಜೇಬಿಗೂ "ಅಣ್ಣಾ, ಒಂದೇ ಒಂದು!" ಅಂತ ಟಿಕೆಟ್ಟು ತುರುಕುತ್ತಾನೆ. ಹೊರಗಿನವರಿಗೆ ಮಾರಯ್ಯಾ ಅಂದರೆ, "ಬೇಡಣ್ಣಾ, ಬಹುಮಾನ ನಮ್ಮವರ ಮನೇಲೇ ಇರ್ಲಿ" ಅನ್ನುತ್ತಾನೆ. ಬಹುಮಾನವಾದರೂ ಎಂಥದ್ದು! ಒಬ್ಬನಿಗೆ ಹಳೇ ಗೋಡೆ ಗಡಿಯಾರ, ಇನ್ನೊಬ್ಬನಿಗೆ ಕಾಲು ಅಲ್ಲಾಡುವ ಮಂಚ. ನನಗೆ ಬಂದ ಬೆತ್ತದ ಕುರ್ಚಿ ಕೂತರೆ ಸಾಕು, ಕಿರುಗುಟ್ಟುತ್ತದೆ. ಈ ಗುಜರಿ ಎಲ್ಲಿಂದ ತರ್ತೀಯ ಅಂತ ಜಗಳಕ್ಕೇ ಅವನ ಮನೆಗೆ ಹೋದೆ. "ಬನ್ನಿ, ಕೂತ್ಕೊಳ್ಳಿ" ಅಂದ ಅವನ ಹೆಂಡತಿ, ಖಾಲಿ ಕೋಣೆಯನ್ನೊಮ್ಮೆ ನೋಡಿ, ಚಾಪೆ ಹಾಸಿ ಕೇಳಿದಳು: "ನಮ್ಮ ಕುರ್ಚಿ ಈಗ್ಲೂ ಕಿರುಗುಟ್ಟುತ್ತಾ?"