ಎರಡು ಸಲ ಬಡಿದು ಕಾಯಬೇಕಾದ ಬಾಗಿಲು

ಚೆನ್ನೈನ ಪೆರುಂಗುಡಿಯಲ್ಲಿ, ಐಟಿ ಕಚೇರಿಗಳ ಹಿಂದಿನ ಬೀದಿಯಲ್ಲಿ, ಹಳೆಯ ಅಂಚೆಚೀಟಿಗಳಿಂದ ಕೊಲಾಜ್ ಚಿತ್ರ ಮಾಡುವ ಸಣ್ಣ ಸ್ಟುಡಿಯೊ ಒಂದರಲ್ಲಿ ನಾನು ಹದಿಮೂರು ವರ್ಷ ಮೇಲ್ವಿಚಾರಕಿಯಾಗಿದ್ದೆ. ಈಗ ಬರೆಯುತ್ತಿರುವುದು ಹನ್ನೊಂದನೆಯ ವರ್ಷದ ಒಂದು ಮಧ್ಯಾಹ್ನದ ಸಂಗತಿ. ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದವಳು. ಇದನ್ನು ಮೊದಲೇ ಹೇಳಿಬಿಡಬೇಕು. ಆ ದಿನ ಆ ಕಟ್ಟಡದಲ್ಲಿದ್ದವರ ಪೈಕಿ, ಏನಾಗಬಹುದು ಎಂದು ಗೊತ್ತಿರಬೇಕಾದವಳು ನಾನೊಬ್ಬಳೇ.

ನಮ್ಮ ಚಿತ್ರಗಳಿಗೆ ಬಣ್ಣ ಬಳಿಯುವುದಿಲ್ಲ. ನೀಲಿ ಬೇಕಾದರೆ ನೀಲಿ ಚೀಟಿ ಹುಡುಕಬೇಕು, ನೆರಳು ಬೇಕಾದರೆ ಅಂಚೆಮುದ್ರೆಯ ಮಸಿ ಬಿದ್ದ ಚೀಟಿ ಹುಡುಕಬೇಕು. ಲಕೋಟೆಯ ತುಂಡುಗಳನ್ನು ಬಕೆಟ್ ನೀರಿನಲ್ಲಿ ನೆನೆಸಿದರೆ ಗೋಂದು ಕರಗಿ ಚೀಟಿ ತಾನಾಗಿ ತೇಲುತ್ತದೆ. ಅದನ್ನು ಒತ್ತುಕಾಗದದ ಮೇಲೆ ಒಣಗಿಸಿ, ಬಣ್ಣದ ಪ್ರಕಾರ ವಿಂಗಡಿಸಿ ಟ್ರೇಗಳಲ್ಲಿ ಜೋಡಿಸುತ್ತೇವೆ. ಒಣಗಿದ ಅಂಚೆಚೀಟಿಗೆ ತೂಕವೇ ಇಲ್ಲ. ಯಾರಾದರೂ ಜೋರಾಗಿ ಸೀನಿದರೂ ಅರ್ಧ ದಿನದ ವಿಂಗಡಣೆ ಹಾಳು.

ಹಾಗಾಗಿ ವಿಂಗಡಣೆ ಕೋಣೆಗೆ ಅದರದೇ ಶಿಸ್ತು ಇತ್ತು. ಕಿಟಕಿಗಳ ಸಂದಿಗೆ ಟೇಪ್. ಫ್ಯಾನ್ ಬಂದ್. ಸಮುದ್ರದ ಗಾಳಿಗೆ ಬಾಗಿಲು ತೆರೆದುಕೊಳ್ಳಬಾರದೆಂದು ಒಳಗಿನಿಂದ ಚಿಲಕ. ಹೊರಗಿನವರು ಎರಡು ಸಲ ಬಡಿದು ಕಾಯಬೇಕು. ಒಳಗಿದ್ದವರು ಒಂದೊಂದೇ ಟ್ರೇಗೆ ಗಾಜಿನ ಹಾಳೆ ಮುಚ್ಚಿ, ಆಮೇಲೆ ಚಿಲಕ ತೆಗೆಯಬೇಕು. ಟ್ರೇಗಳು ಹೇಗೂ ಮುಚ್ಚಿವೆಯಲ್ಲ ಎಂದು, ಚಿಲಕ ತೆಗೆಯುವ ಮೊದಲು ಮೂಲೆಯ ಪೆಡೆಸ್ಟಲ್ ಫ್ಯಾನ್ ಹಾಕಿಕೊಳ್ಳುವುದು ಅವರೇ ಮಾಡಿಕೊಂಡ ರೂಢಿ. ದಿನಕ್ಕೆ ಅವರಿಗೆ ಸಿಗುತ್ತಿದ್ದ ಗಾಳಿ ಅಷ್ಟೇ. ಅಲ್ಲಿ ಕೆಲಸ ಮಾಡುತ್ತಿದ್ದ ಸೆಲ್ವಿ, ನಾನು ಬಾಗಿಲು ಬಡಿದಾಗಲೆಲ್ಲ ಒಳಗಿನಿಂದ ಕೂಗುತ್ತಿದ್ದಳು, “ವಾಂಗಮ್ಮಾ ವಾಂಗ! ನೀವು ಬಂದರೇ ನಮಗೆ ಕಾತ್ತು!” ತಮಿಳಿನಲ್ಲಿ ವಾಂಗ ಎಂದರೆ ಬನ್ನಿ, ಕಾತ್ತು ಎಂದರೆ ಗಾಳಿ.

ಆ ಕೋಣೆಯ ಯಜಮಾನಿಕೆ ವಸಂತಕ್ಕನದು. ಐವತ್ತೆಂಟು ವರ್ಷ, ಕುಂದಾಪುರದ ಕಡೆಯವರು. ಗಂಡ ಚೆನ್ನೈನ ಉತ್ತರ ತುದಿಯ ಎಣ್ಣೂರಿನಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ವಸಂತಕ್ಕ ಮಗಳೊಂದಿಗೆ ಪೋರೂರಿಗೆ ಬಂದು, ನಮ್ಮಲ್ಲಿ ಚೀಟಿ ನೆನೆಸುವ ಕೆಲಸಕ್ಕೆ ಸೇರಿದ್ದರು. ಚಿತ್ರ ಕಲಿತವರಲ್ಲ. ಆದರೆ ಚೀಟಿಯನ್ನು ಎರಡು ಬೆರಳಿನ ನಡುವೆ ಹಿಡಿದು, ಇದು ನೀರು ತಡೆಯುತ್ತದೆ, ಇದರ ಮಸಿ ಬಿಡುತ್ತದೆ ಎಂದು ಹೇಳುತ್ತಿದ್ದರು. ಒಂದು ಸಲವೂ ತಪ್ಪಿದ್ದು ನನಗೆ ನೆನಪಿಲ್ಲ.

ಆ ವರ್ಷ ಒಂದು ಕಚೇರಿಯ ಮುಂಗೋಣೆಗೆ ಏಳು ಅಡಿ ಅಗಲದ ಚಿತ್ರ ಬೇಕೆಂದರು: ಎಣ್ಣೂರಿನ ಕಡಲು, ಮೀನುಗಾರರ ದೋಣಿಗಳು, ಹಿಂದೆ ವಿದ್ಯುತ್ ಸ್ಥಾವರದ ಚಿಮಣಿಗಳು. ನಾನು ತಿಳಿನೀಲಿ ಚೀಟಿಗಳನ್ನು ತೆಗೆದಿಟ್ಟೆ. ವಸಂತಕ್ಕ ನಕ್ಕುಬಿಟ್ಟರು.

“ಎಣ್ಣೂರ್ ಕಡಲ್ ನೀಲಿ ಎಲ್ಲಿಂದ ಮಾರಾಯ್ತಿ? ಹದಿನೆಂಟ್ ವರ್ಷ ಕಂಡಿದ್ದೆ ನಾನ್. ಬೂದಿ ಕಲಸಿದ್ ನೀರ್ ಅದ್.”

ಅವರು ಹೇಳಿದ್ದು ಸರಿ. ಆದರೆ ಆ ಬೂದುನೀಲಿ ನಮ್ಮಲ್ಲಿದ್ದದ್ದು ಒಂದೇ ಕಡೆ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕೊಟ್ಟಿದ್ದ ಹಳೆಯ ಆಲ್ಬಮ್‌ನಲ್ಲಿ. ಅವರು ಚೀಟಿಗಳನ್ನೆಲ್ಲ ಸೈಕಲ್ ಪಂಕ್ಚರ್‌ಗೆ ಹಾಕುವ ರಬ್ಬರ್ ಸೊಲ್ಯೂಷನ್‌ನಿಂದ ಅಂಟಿಸಿದ್ದರು. ಅದು ನೀರಿಗೆ ಬಿಡುವುದಿಲ್ಲ. ಬಿಳಿ ಪೆಟ್ರೋಲ್ ಬೇಕು. ಸ್ಕ್ರೀನ್ ಪ್ರಿಂಟಿಂಗ್‌ನವರು ಬಳಸುವ ದ್ರಾವಕ ಇದು. ಮಸಿಯನ್ನು ಮುಟ್ಟದೆ ಅಂಟನ್ನು ಮಾತ್ರ ಕರಗಿಸುತ್ತದೆ, ಕ್ಷಣದಲ್ಲಿ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೇರದೆ ನೆಲದ ಮೇಲೆ ಹರಡಿ ನಿಲ್ಲುತ್ತದೆ, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ನಾನು ನಿಯಮ ಮಾಡಿದ್ದೆ: ಬಿಳಿ ಪೆಟ್ರೋಲ್ ಕೆಲಸ ತಾರಸಿಯಲ್ಲಿ ಮಾತ್ರ, ಡ್ರಾಪರ್‌ನಿಂದ ಹನಿ ಹನಿಯಾಗಿ, ಒಂದು ಸಲಕ್ಕೆ ಒಂದೇ ಚೀಟಿ.

ಆ ದಿನ ಬೆಳಿಗ್ಗೆ ತಾರಸಿಯಲ್ಲಿ ಕೂರಲಾಗದಷ್ಟು ಗಾಳಿ ಇತ್ತು. ವಸಂತಕ್ಕ ಆಲ್ಬಮ್ ಹಿಡಿದು ಕೆಳಗಿಳಿದು ಬಂದರು.

“ಮೇಲೆ ಕೂಕಂಬುಕಾತಿಲ್ಲ ಪ್ರಭಾ. ಒಂದ್ ಚೀಟಿ ಉಳೂದಿಲ್ಲ.”

ನಾನು ಹೊರಗಿನ ಕೆಲಸಕ್ಕೆ ಹೊರಡುವ ಅವಸರದಲ್ಲಿದ್ದೆ. “ಹೇಗಾದರೂ ಮಾಡಿ ಅಕ್ಕ. ಇವತ್ತು ಬಿಡಿಸಿದರೆ ನಾಳೆ ಅಂಟಿಸಬಹುದು” ಎಂದೆ.

“ಆಯ್ತ್, ನೀನ್ ಹೋಗ್. ಚೀಟಿ ಬಿಡ್ಸುಕೆ ಬಿ.ಎಸ್ಸಿ. ಬೇಡ.”

ಇಬ್ಬರೂ ನಕ್ಕೆವು. ‘ಹೇಗಾದರೂ’ ಎಂದು ನಾನು ಹೇಳಿದ್ದೆ. ನನ್ನ ನಿಯಮವನ್ನು ನಾನೇ ಸಡಿಲಿಸಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಮಧ್ಯಾಹ್ನ ಮೂರೂವರೆಯ ಸುಮಾರಿಗೆ ವಾಪಸ್ಸು ಬಂದು ಮೂರನೆಯ ಮಹಡಿಗೆ ಹತ್ತಿದೆ. ಮೆಟ್ಟಿಲ ಕೊನೆಯಲ್ಲೇ ವಾಸನೆ ಮೂಗಿಗೆ ಬಡಿಯಿತು. ಬಾಗಿಲಿನ ಕೆಳಗಿನ ಸಂದಿಯಿಂದ ಬರುತ್ತಿತ್ತು. ಬಾಗಿಲಿನಲ್ಲಿ ಅಂಗೈಯಗಲದ ಗಾಜು ಇದೆ. ಇಣುಕಿದೆ. ಸೆಲ್ವಿ ಕಾಫಿಗೆ ಹೋಗಿದ್ದಳು. ವಸಂತಕ್ಕ ಒಬ್ಬರೇ ಮೇಜಿನ ಮುಂದೆ. ಎದುರಿಗೆ ಇಡ್ಲಿ ಹಿಟ್ಟು ಕಲಸುವಂಥ ಅಗಲವಾದ ಸ್ಟೀಲ್ ಬೋಗುಣಿ. ಅದರ ತುಂಬ ಬಿಳಿ ಪೆಟ್ರೋಲ್, ಅದರಲ್ಲಿ ಮುಳುಗಿಸಿದ ಆಲ್ಬಮ್ ಹಾಳೆಗಳು. ನೀರಿನಲ್ಲಿ ನೆನೆಸಿದ ಹಾಗೆಯೇ ಎಲ್ಲವನ್ನೂ ಒಟ್ಟಿಗೆ ನೆನೆಹಾಕಿದ್ದರು. ಎಷ್ಟು ಹೊತ್ತಿನಿಂದಲೋ. ಮೂಗು ಒಗ್ಗಿಹೋದರೆ ವಾಸನೆ ತಿಳಿಯುವುದಿಲ್ಲ.

ನಾನು ಎರಡು ಸಲ ಬಡಿದೆ. ಬಡಿದು, ಕಾದೆ.

ಅದನ್ನು ಯೋಚಿಸಿ ಮಾಡಲಿಲ್ಲ. ಹನ್ನೊಂದು ವರ್ಷ ಆ ಬಾಗಿಲ ಮುಂದೆ ಮಾಡಿದ್ದನ್ನೇ ಕೈ ಮಾಡಿತು. ವಸಂತಕ್ಕ ತಲೆಯೆತ್ತಿ ನೋಡಿದರು, ನಕ್ಕರು, ‘ಇರು’ ಎಂದು ಕೈ ತೋರಿಸಿದರು. ಎದ್ದು ಮೊದಲನೆಯ ಟ್ರೇಗೆ ಗಾಜು ಮುಚ್ಚಿದರು. ನಡಿಗೆ ಸ್ವಲ್ಪ ತೂರಾಡುತ್ತಿತ್ತು. ಎರಡನೆಯದು. ಮೂರನೆಯದು. ಒಟ್ಟು ಒಂಬತ್ತು ಟ್ರೇಗಳು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಒಂಬತ್ತನೆಯದರ ನಂತರ ಅವರು ಏನು ಮಾಡುತ್ತಾರೆಂಬುದು ನನ್ನ ತಲೆಗೆ ಬಂತು.

“ಫ್ಯಾನ್ ಹಾಕ್ಬೇಡಿ ಅಕ್ಕಾ! ಫ್ಯಾನ್ ಬೇಡ! ಹಾಗೇ ಹೊರಗೆ ಬನ್ನಿ!”

ಪಕ್ಕದ ಕಟ್ಟಡದವರು ಜನರೇಟರ್ ಪರೀಕ್ಷಿಸಲು ಓಡಿಸುತ್ತಿದ್ದರು. ಟೇಪ್ ಹಾಕಿ ಬಿಗಿ ಮಾಡಿದ ಕೋಣೆಯೊಳಗೆ ನನ್ನ ಕೂಗು ಹೋಗಲಿಲ್ಲ. ಮುಷ್ಟಿಯಿಂದ ಬಾಗಿಲು ಗುದ್ದಿದೆ. ಅವರು ಅದನ್ನು ಅವಸರ ಎಂದುಕೊಂಡರು. ಬೇಗ ಬೇಗ ಮುಚ್ಚತೊಡಗಿದರು. ಆರು. ಏಳು. ಭುಜ ಕೊಟ್ಟು ನೂಕಿದೆ, ಚಿಲಕ ಗಟ್ಟಿಯಾಗಿತ್ತು. ಎಂಟು. ಗಾಜಿಗೆ ಮುಖ ಒತ್ತಿ ತಲೆ ಆಡಿಸಿದೆ. ಅವರು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಒಂಬತ್ತು. ಮೂಲೆಗೆ ಹೋಗಿ ಬಗ್ಗಿದರು. ಫ್ಯಾನಿನ ಪ್ಲಗ್ ನೆಲದಿಂದ ಒಂದಡಿ ಎತ್ತರದಲ್ಲಿತ್ತು.

ಸಿಡಿಲಿನಂಥ ಸದ್ದೇನೂ ಬರಲಿಲ್ಲ. ದೊಡ್ಡ ಕಂಬಳಿ ಕೊಡವಿದಂಥ ಸದ್ದು. ನೆಲದ ಮೇಲೆ ನೀಲಿ ಬೆಳಕು ಚೆಲ್ಲಿದ ನೀರಿನ ಹಾಗೆ ಹರಿಯಿತು, ಮೇಜಿನ ಕಾಲು ಹತ್ತಿತು, ಬೋಗುಣಿ ಮುಟ್ಟಿ ಕಿತ್ತಳೆಯಾಯಿತು. ಆಮೇಲೆ ಬಾಗಿಲಿನ ಆಚೆ ಚಿಲಕ ತಡಕಾಡುವ ಸದ್ದು. ಒಮ್ಮೆ ಜಾರಿತು. ಇನ್ನೊಮ್ಮೆಗೆ ತೆರೆಯಿತು. ಚಿಲಕ ತೆಗೆದದ್ದು ಅವರೇ. ನಾನು ಏನನ್ನೂ ತೆರೆಯಲಿಲ್ಲ.

ಸೀರೆಯ ನೆರಿಗೆಗೆ ಬೆಂಕಿ ಹತ್ತಿತ್ತು. ಚೀಟಿ ನೆನೆಹಾಕಿದ್ದ ನೀರಿನ ಬಕೆಟ್‌ಗಳು ಮೆಟ್ಟಿಲ ಬಳಿಯ ನಲ್ಲಿಯ ಕೆಳಗಿದ್ದವು. ಒಂದನ್ನು ಎತ್ತಿ ಅವರ ಮೇಲೆ ಸುರಿದೆ. ಇನ್ನೊಂದನ್ನೂ ಸುರಿದೆ. ಕೆಳಗಿನ ವಾಚ್‌ಮನ್ ಬೆಂಕಿ ನಂದಿಸುವ ಸಿಲಿಂಡರ್ ಹೊತ್ತು ಓಡಿ ಬಂದ. ವಸಂತಕ್ಕ ಗೋಡೆಗೊರಗಿ ಕುಳಿತು, ಕೈಗಳನ್ನು ಮುಂದೆ ಚಾಚಿ ಹಿಡಿದು, ಅವು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು. ಕೈ, ತೋಳು, ಹೊಟ್ಟೆಯ ಮೇಲೆಲ್ಲ ಒದ್ದೆ ಅಂಚೆಚೀಟಿಗಳು ಅಂಟಿದ್ದವು. ನಾನು ತೆಗೆಯಲು ಹೋದೆ. ಚೀಟಿಯ ಜೊತೆ ಚರ್ಮ ಬಂತು. ಕೈ ಹಿಂದಕ್ಕೆ ಎಳೆದುಕೊಂಡೆ.

ಆಸ್ಪತ್ರೆಯಲ್ಲಿ ನರ್ಸ್ ಒಬ್ಬಳು ಚಿಮಟದಿಂದ ಒಂದೊಂದನ್ನೇ ತೆಗೆಯುತ್ತ ತಮಿಳಿನಲ್ಲಿ ಕೇಳಿದಳು, “ಇದೇನಮ್ಮಾ, ಸ್ಟಾಂಪಾ? ಇದನ್ನು ಯಾರು ಅಂಟಿಸಿದ್ದು?”

ಎರಡು ವಾರ ಅವರು ಉಳಿಯುತ್ತಾರೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ. ನಾನು ದಿನವೂ ಹೋಗಿ ವಾರ್ಡಿನ ಹೊರಗೆ ಕೂರುತ್ತಿದ್ದೆ. ಅಲ್ಲಿ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿದ್ದ ಚಿತ್ರಕ್ಕೆ ಹೊಗೆ ಕೂಡ ತಾಗಲಿಲ್ಲವೆಂದು ಅದನ್ನು ಮಾಡಿಸಿದ್ದ ಕಚೇರಿಯವರು ಸಮಾಧಾನಪಟ್ಟರು. ಕಡಲಿಗೆ ನಾನು ಮೊದಲು ಆರಿಸಿದ್ದ ತಿಳಿನೀಲಿಯನ್ನೇ ಅಂಟಿಸಿ ಕಳಿಸಿದೆವು. ನೋಡಿದವರೆಲ್ಲ ಚೆನ್ನಾಗಿದೆ ಎಂದರು.

ಆಮೇಲೆ ನಾನು ಎರಡು ವರ್ಷ ಅಲ್ಲಿ ಕೆಲಸ ಮಾಡಿದೆ. ಹೊಸಬರಿಗೆಲ್ಲ ಒಂದು ಮಾತು ಹೇಳುತ್ತಿದ್ದೆ: ದ್ರಾವಕದ ವಾಸನೆ ಬಂದರೆ ಆ ಕೋಣೆಯ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಒಳಗಿದ್ದವರನ್ನು ಸನ್ನೆಯಿಂದ ಎಬ್ಬಿಸಲೂ ಬೇಡಿ, ಮೊದಲು ಕೆಳಗಿಳಿದು ಇಡೀ ಕಟ್ಟಡದ ಮೇನ್ ಸ್ವಿಚ್ ಆರಿಸಿ. ಮೂರು ಮಹಡಿ ಇಳಿಯಲು ನನಗೆ ಒಂದು ನಿಮಿಷ ಸಾಕಾಗುತ್ತಿತ್ತು. ಬಡಿಯದೇ ಇದ್ದಿದ್ದರೆ ಆ ಒಂದು ನಿಮಿಷ ನನಗಿತ್ತು. ನಮ್ಮ ಬಾಗಿಲಿನ ನಿಯಮ ಹುಟ್ಟಿದ್ದು ಕಾಗದವನ್ನು ಕಾಪಾಡಲು. ಮನುಷ್ಯರನ್ನು ಕಾಪಾಡಬೇಕಾದ ಗಳಿಗೆಯಲ್ಲೂ ನಾವಿಬ್ಬರೂ ಅದನ್ನೇ ಪಾಲಿಸಿದೆವು. ಒಬ್ಬರು ಒಳಗೆ, ಒಬ್ಬರು ಹೊರಗೆ, ಒಂದು ಹೆಜ್ಜೆಯೂ ತಪ್ಪದಂತೆ.

ಎಂಟು ತಿಂಗಳಾದ ಮೇಲೆ ಪೋರೂರಿನ ಮನೆಗೆ ಹೋದೆ. ವಸಂತಕ್ಕನ ಬಲಗೈಯ ಬೆರಳುಗಳು ಮಡಚಿ ಹಾಗೇ ನಿಂತಿದ್ದವು. ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿದರು. ಆ ಮಧ್ಯಾಹ್ನದ ನೆನಪು ಅವರಿಗೆ ಅಷ್ಟಾಗಿ ಉಳಿದಿರಲಿಲ್ಲ. “ನೀನ್ ನೀರ್ ಹೊಯ್ದದ್ದಕ್ಕೆ ಉಳ್ದೆ ಮಾರಾಯ್ತಿ” ಎಂದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮಗಳು ತಮಿಳಿನಲ್ಲಿ “ಹೌದು ಆಂಟಿ, ದಿನಾ ಅದನ್ನೇ ಹೇಳ್ತಾರೆ” ಎಂದಳು.

ಆಗ ನಾನು ಹೇಳಿದೆ. ವಾಸನೆ ಬಂದದ್ದು, ಬೋಗುಣಿ ನೋಡಿದ್ದು, ನೋಡಿಯೂ ಎರಡು ಸಲ ಬಡಿದು ಕಾದದ್ದು, ಒಂಬತ್ತು ಟ್ರೇ ಎಣಿಸಿದ್ದು. ಎಲ್ಲ ಹೇಳಿದೆ. ಮಗಳು ಒಳಗೆ ಹೋದಳು.

ವಸಂತಕ್ಕ ಲೋಟ ಕೆಳಗಿಟ್ಟರು.

“ನೀನ್ ಬರ್ದೇ ಇದ್ರೂ ನಾನ್ ಫ್ಯಾನ್ ಹಾಕ್ತಿದ್ದೆ ಪ್ರಭಾ” ಎಂದರು. “ಅಷ್ಟ್ ಸೆಕೆಗೆ ಯಾರ್ ಕೂಕಂತ್ರ್?”

ಚೀಟಿಗಳು ತೆರೆದಿರುವಾಗ ವಸಂತಕ್ಕ ಒಂದು ದಿನವೂ ಫ್ಯಾನ್ ಹಾಕಿದವರಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹೌದು ಅಕ್ಕ, ಆ ದಿನ ಸೆಕೆ ಬಹಳ ಇತ್ತು ಎಂದೆ.