ಮನೆದೇವರ ಹೆಸರಿನ ಕೀಲಿಕೈ

ದಾಂಡೇಲಿಯ ನಮ್ಮ ಓಣಿಯಲ್ಲಿ ಬಹುತೇಕರು ಕಾಗದದ ಮಿಲ್ಲಿನ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದವರು. ಬಂದು ಎಷ್ಟು ವರ್ಷವಾದರೂ ಮದುವೆಯ ಮಾತು ಬಂದಾಗ ನಮ್ಮವರನ್ನೇ ಹುಡುಕುತ್ತೇವೆ. ಹಾಗೆ ಹುಡುಕುವವರ ನಡುವೆ ನಿಂತು ಸಂಬಂಧ ಹೇಳುವುದು ನನಗೆ ರೂಢಿಯಾಗಿಬಿಟ್ಟಿದೆ. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಮದುವೆಗೆ ಕರೆದರೆ ಹೋಗಿ ಉಂಡು ಬರುತ್ತೇನೆ, ಅಷ್ಟೇ. ಮೊದಲೆಲ್ಲ ಫೋಟೋ ಇಟ್ಟ ಲಕೋಟೆ ಹೋಗುತ್ತಿತ್ತು, ಒಪ್ಪಿಗೆಯಾಗದಿದ್ದರೆ ತಿರುಗಿ ಬರುತ್ತಿತ್ತು. ಈಗ ಎಲ್ಲ ಮೊಬೈಲಿನಲ್ಲಿ. ಕಳಿಸಿದ್ದು ತಿರುಗಿ ಬರುವುದಿಲ್ಲ.

ಪಕ್ಕದ ಮನೆಯ ಹುಡುಗಿಗೆ ಇದು ಚೆನ್ನಾಗಿ ಗೊತ್ತು. ಅವಳು ಹಳಿಯಾಳದ ಶಾಲೆಯೊಂದರಲ್ಲಿ ಟೀಚರ್, ದಿನಾ ಬಸ್ಸಿಗೆ ಹೋಗಿಬರುತ್ತಾಳೆ. ಹಿಂದೊಮ್ಮೆ ಸಂಬಂಧಿಕರೊಬ್ಬರು ಅವಳ ಬಯೋಡಾಟಾವನ್ನು ಯಾವುದೋ ಮದುವೆಯ ಗ್ರೂಪಿಗೆ ಹಾಕಿದರು. ಅದು ಅಲ್ಲಿಂದ ಎಲ್ಲೆಲ್ಲಿಗೆ ಹೋಯಿತೋ, ಗುರುತಿಲ್ಲದ ಗಂಡಸೊಬ್ಬ ಶಾಲೆಯ ಹೊತ್ತಿನಲ್ಲೇ ಫೋನ್ ಮಾಡತೊಡಗಿದ. ಇನ್ಯಾರೋ ಅವಳ ಫೋಟೋ ಹಾಕಿ ಅವಳದೇ ಹೆಸರಿನಲ್ಲಿ ಖಾತೆ ತೆರೆದರು. ಅದನ್ನು ಮುಚ್ಚಿಸಿ, ನಂಬರ್ ಬದಲಿಸುವಷ್ಟರಲ್ಲಿ ಹುಡುಗಿ ಸೋತುಹೋಗಿದ್ದಳು. ಇನ್ನು ಮುಂದೆ ತನ್ನ ಫೋಟೋ ಮನೆಯ ಹೊಸ್ತಿಲು ದಾಟಕೂಡದು ಎಂದು ಅವ್ವನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಳು.

ಫೋಟೋ ಇಲ್ಲದೆ ಸಂಬಂಧ ಎಲ್ಲಿಂದ ಬರಬೇಕು? ಅವ್ವ ಮಗಳನ್ನು ಕರೆದುಕೊಂಡು ನಮ್ಮ ಅಡುಗೆಮನೆಗೇ ಬಂದರು.

“ನೀವರ ಹೇಳ್ರಿ ವೈನಿ ಇಕಿಗೆ. ಮುಖಾ ನೋಡದ ಯಾರ್ ಬರ್ತಾರ?”

“ಕೀಲಿ ಹಾಕಿ ಕಳಸೂಣು ಕಾಕೂ,” ಎಂದಳು ಹುಡುಗಿ. “ಶಾಲ್ಯಾಗ ಮಕ್ಕಳ ಮಾಹಿತಿ ಹಂಗ ಕಳಸ್ತೇವಿ. ಪಾಸ್‌ವರ್ಡ್ ಹಾಕಿದ್ರಷ್ಟ ಫೈಲ್ ತೆರೀತತಿ. ಆದ್ರ ಒಂದ್ ಮಾತು. ನಾವು ಕೊಡದ ಯಾರರ ಒಬ್ರು ತೆರೆದ್ರ, ಅಲ್ಲಿಗೆ ಈ ವಿಷಯ ಮುಗೀತು.”

“ಮೊಬೈಲಿನಾಗ ಮೊದಲ ಕೀಲಿ ಐತೆಲ್ಲ? ಎನ್‌ಕ್ರಿಪ್ಷನ್ ಅಂತ ಮ್ಯಾಲ ಬರದಿರ್ತತಿ,” ಎಂದೆ ನಾನು.

“ಅದು ದಾರ್‍ಯಾಗಿನ ಕೀಲಿ. ನಡುವ ಯಾರೂ ಓದಂಗಿಲ್ಲ, ಖರೆ. ಮುಟ್ಟಿದ ಮ್ಯಾಲ ಯಾವದೋ ಮಾವಶಿ ಹತ್ತು ಮಂದೀಗಿ ಕಳಿಸಿದ್ರ ಅದೇನ್ ಮಾಡ್ತತಿ ಪಾಪ?”

ಫೋಟೋ, ವಿವರ ಎಲ್ಲ ಸೇರಿಸಿ ಒಂದೇ ಫೈಲ್ ಮಾಡಿದಳು. ಪಾಸ್‌ವರ್ಡ್ ಏನಿಡುವುದು? ನನಗೆ ನೆನಪಿರಬೇಕು, ಫೋನಿನಲ್ಲಿ ಹೇಳಲು ಸುಲಭವಿರಬೇಕು. ಅವ್ವ ತಡಮಾಡಲಿಲ್ಲ. “ಉಳವಿ ಅಂತ ಇಡ. ಮನಿದೇವ್ರು, ಛಲೋ ಆಗ್ತತಿ.” ನಾವಿಬ್ಬರೂ ತಲೆಯಾಡಿಸಿದೆವು.

ಮುಂಡಗೋಡದ ಒಂದು ಮನೆತನಕ್ಕೆ ಫೈಲ್ ಕಳಿಸಿದೆ. ಎರಡೂ ಕಡೆ ಮಾತು ಹೊಂದಿದ ಮೇಲೆ ಪಾಸ್‌ವರ್ಡ್ ಕೊಡುವುದೆಂದು ಮಾತಾಗಿತ್ತು. ಫೈಲಿನ ಜೊತೆ ಮೆಸೇಜಿನಲ್ಲಿ ಎಂದಿನಂತೆ ನಾಲ್ಕು ಸಾಲು ಬರೆದೆ: ಓದು, ಎತ್ತರ, ವಂಶದ ಬೆಡಗು, ಮನೆದೇವರು. ನಮ್ಮಲ್ಲಿ ಹುಡುಗಿಯ ಹೆಸರಿಗಿಂತ ಮೊದಲು ಮನೆದೇವರನ್ನು ಕೇಳುತ್ತಾರೆ. ಬೆರಳಿಗೆ ಅದೇ ರೂಢಿ.

ಮರುದಿನ ಸಂಜೆ ಹೊಸ ನಂಬರಿನಿಂದ ಫೋನ್ ಬಂತು. ಹುಡುಗನ ಸೋದರತ್ತೆ, ಮುಂಡಗೋಡದ ಹತ್ತಿರದ ಇಂದೂರು ಹಳ್ಳಿಯವರು.

“ಫೋಟೋ ಭಾಳ ಛಂದ ಐತ್ರಿ. ಕನ್ನಡಕ ಯಾವಾಗಿಂದ ಹಾಕ್ತಾಳ ಹುಡುಗಿ?”

“ಪಾಸ್‌ವರ್ಡ್ ಯಾರ್ ಕೊಟ್ರು ನಿಮಗ?”

“ಯಾರ್ ಕೊಡ್ಬೇಕ್ರಿ? ನಮ್ಮ ಮನ್ಯಾಗ ಎಲ್ಲಾದಕ್ಕೂ ಮನಿದೇವ್ರನ್ನ ಇಡ್ತೇವಿ. ನಿಮ್ಮದೂ ಹಂಗ ಇರಬೇಕಂತ ಹಾಕಿ ನೋಡಿದ್ನಿ. ಫಟ್ಟನ ತೆರೀತು!”

ಆಕೆಯ ದನಿಯಲ್ಲಿ ಎಂಥ ಖುಷಿ! ಹಿಂದೆ ಫೋಟೋದಿಂದ ಹುಡುಗಿಗೆ ಆದದ್ದನ್ನು ತಿಳಿಸಿ ಹೇಳಿದಾಗ, “ಸಿಟ್ಟಾಗಬ್ಯಾಡ್ರಿ ಅಕ್ಕಾರ, ಯಾರಿಗೂ ಕಳಿಸಿಲ್ಲ, ಈಗ ಅಳಿಸಿಬಿಡ್ತೇನಿ,” ಎಂದರು. ಆಕೆಯನ್ನು ಬೈಯಲು ನನಗೂ ಮನಸ್ಸು ಬರಲಿಲ್ಲ.

ಶಾಲೆಯಿಂದ ಬಂದ ಹುಡುಗಿಗೆ ಮುಚ್ಚಿಡದೆ ಹೇಳಿದೆ. ಮೊದಲು ಮೆಟ್ಟಿಲ ಮೇಲೆ ಕುಳಿತು ನಕ್ಕಳು. “ಕೀಲಿ ಹಾಕಿ ಕೀಲಿಕೈ ಬಾಗಲಕ್ಕ ತೂಗಹಾಕೇವಿ ಕಾಕೂ!” ನಗು ನಿಂತ ಮೇಲೆ ಚೀಲ ಹೆಗಲಿಗೇರಿಸಿ, “ನಾ ಮೊದಲ ಹೇಳಿದ್ನಿ. ಇನ್ನ ಸಾಕು,” ಎಂದು ಎದ್ದುಹೋದಳು. ಬಾಗಿಲಲ್ಲಿ ನಿಂತಿದ್ದ ಅವಳ ಅವ್ವ ನನ್ನ ಮುಖ ನೋಡಿದರು.

ಅಂದು ಊಟದ ನಂತರ ನಮ್ಮ ಮನೆಯವರು ಮೊಬೈಲ್ ಹಿಡಿದು ಹಿತ್ತಲಿಗೆ ಹೋಗಿ ಕುಳಿತರು.

“ನಿಮ್ಮ ಬ್ಯಾಂಕಿಂದೂ ಉಳವೀನ ಏನು?” ಎಂದು ಕೇಳಿದೆ.

“ಸುಮ್ಮ ಕುಂಡ್ರ,” ಎಂದರು. ಸುದ್ದಿ ಹಬ್ಬಿದ ಮೇಲೆ ಓಣಿಯಲ್ಲಿ ಇನ್ನೂ ಎಷ್ಟು ಮನೆಯಲ್ಲಿ ಪಾಸ್‌ವರ್ಡಿನ ದೇವರು ಬದಲಾದನೋ ತಿಳಿಯದು.

ರೊಟ್ಟಿ ಬಡಿಯುವಾಗಲೆಲ್ಲ ಅದೇ ಯೋಚನೆ. ಯಾರೂ ನೋಡಬಾರದೆಂದು ಹುಡುಗಿ ಹಟ ಹಿಡಿದಿರಲಿಲ್ಲ. ಯಾರು ನೋಡುತ್ತಾರೆಂದು ತನಗೆ ಗೊತ್ತಿರಬೇಕು, ಅಷ್ಟೇ ಅವಳ ಆಸೆ. ರವಿವಾರ ಅವಳನ್ನು ಕರೆದೆ.

“ಬ್ಯಾರೆ ಪಾಸ್‌ವರ್ಡ್ ಇಡು. ನನಗ ಹೇಳಬ್ಯಾಡ, ನಿಮ್ಮವ್ವಗೂ ಹೇಳಬ್ಯಾಡ. ಹುಡುಗ ನನ್ನ ಫೋನಿಗೆ ಮಾಡ್ಲಿ, ನೀನ ಮಾತಾಡು. ಕೊಡಬೇಕನಿಸಿದ್ರ ಕೊಡು.”

“ನಿಮಗೂ ಹೇಳಬಾರ್ದು?”

“ಬ್ಯಾಡವಾ. ನನ್ನ ಬಾಯಿಂದ ಆ ಅತ್ತಿ ಹೆಂಗರ ಮಾಡಿ ತಗದಬಿಡ್ತಾಳ.”

ಆಗ ಮತ್ತೆ ನಕ್ಕಳು. ಒಪ್ಪಿದಳು. ಫೈಲನ್ನು ಹೊಸದಾಗಿ ಮಾಡಿ ಕೊಟ್ಟಳು.

ಮುಂಡಗೋಡಕ್ಕೆ ಹೊಸ ಫೈಲ್ ಕಳಿಸಿ, ಹಳೆಯದನ್ನು ಅಳಿಸಲು ಹೇಳಿ, ಇದನ್ನು ತಿಳಿಸಿದಾಗ ಹುಡುಗನ ತಾಯಿಗೆ ಸರಿಬರಲಿಲ್ಲ. “ಹುಡುಗಿ ಫೋಟೋ ನೋಡಾಕ ಹುಡುಗೀನ ಕೇಳಬೇಕೇನ್ರಿ?”

“ಹೌದ್ರಿ,” ಎಂದೆ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಎರಡು ದಿನ ಬಿಟ್ಟು ಹುಡುಗನೇ ಫೋನ್ ಮಾಡಿದ. “ಅತ್ತಿ ತೆರೆದು ನೋಡ್ಯಾಳ್ರಿ, ಅಳಸೂ ಮೊದಲ ನನಗೂ ತೋರಿಸಾಕ ಬಂದಿದ್ಲು. ನಾ ನೋಡಿಲ್ಲ. ಅವರು ಕೊಟ್ರ ನೋಡ್ತೇನಿ, ಇಲ್ಲಂದ್ರ ಇಲ್ಲ.”

ಹುಡುಗಿಯನ್ನು ಕರೆಸಿದೆ. ಅವ್ವನೂ ಬಂದರು. ಫೋನ್ ಅವಳ ಕೈಗೆ ಕೊಟ್ಟು ನಾನು ಶೇಂಗಾ ಚಟ್ನಿಗೆ ಕುಳಿತೆ. ಹಿತ್ತಲ ಬಾಗಿಲಲ್ಲಿ ನಿಂತು, “ಯಾಕ ನೋಡಲಿಲ್ಲ ನೀವು?” ಎಂದು ಅವಳು ಕೇಳಿದ್ದು ನನ್ನ ಕಿವಿಗೆ ಬಿತ್ತು. ಆ ಕಡೆಯ ಮಾತನ್ನು ಬಹಳ ಹೊತ್ತು ಕೇಳಿದಳು. ಒಮ್ಮೆ ಮೆಲ್ಲಗೆ ನಕ್ಕಳು. ಆಮೇಲೆ ದನಿ ತಗ್ಗಿಸಿ, “ಬರಕೋಬ್ಯಾಡ್ರಿ, ನೆನಪಿಟ್ಕೋರಿ,” ಎಂದಳು.

ನಾನು ಮಿಕ್ಸರ್ ಹಚ್ಚಿದೆ.

“ಬಂದ್ ಮಾಡ್ರಿ ವೈನಿ, ಏನಂದ್ಲೋ ಒಂದೂ ಕೇಳವಲ್ದು!” ಎಂದು ಅವ್ವ ಚಡಪಡಿಸಿದರು.

“ಇನ್ನೂ ಸಣ್ಣಗ ಆಗ್ಬೇಕ್ರಿ,” ಎಂದು ಇನ್ನೊಂದು ಸುತ್ತು ತಿರುಗಿಸಿದೆ.